ಒಂದು ಊರು, ಎರಡು ತಂಡ

ಸನ್‌ರೈಸರ್ಸ್ ಹೈದರಾಬಾದ್ ಸಾಲಾಗಿ ಮೂರು ಪಂದ್ಯ ಸೋತರೆ ಸಾಕು, ಆ ಊರಿನ ಕೋಠಿ ಪೇಟೆಯಲ್ಲಿ ತಂಡವನ್ನು ಬುಡಸಮೇತ ಬದಲಿಸುವ ಮಾತು ಶುರುವಾಗುತ್ತದೆ. ಮಹಿಳಾ ಕಾಲೇಜಿನ ಬಸ್ ನಿಲ್ದಾಣ, ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿ, ಹಳೆ ಪುಸ್ತಕ ಹರವಿದ ಫುಟ್‌ಪಾತು, ಎಲ್ಲೆಡೆ ಅದೇ ಚರ್ಚೆ. ಅರ್ಧ ದಖನಿ ಉರ್ದು, ಅರ್ಧ ತೆಲುಗು, ನಡುನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಬೀದರ್ ಕಡೆಯ ಹುಡುಗನೊಬ್ಬ ಪರಿಚಯದ ಅಂಗಡಿಕಾರರಿಗೆ ಹೇಳುತ್ತಿದ್ದ: "ಪೂರಾ ಟೀಮ್ ತೆಗದ್ ಒಗೀಬೇಕ್ ನೋಡ್ರಿ ಕಾಕಾ. ಎರಡ್ ವರ್ಷ ಸೋತ್ರೂ ಅಡ್ಡಿ ಇಲ್ಲ, ಹೊಸ ಹುಡುಗ್ರನ್ನ ಬೆಳಸ್ಲಿ." ಕಾಕಾ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಎರಡ್ ವರ್ಷ ಸೋಲೋ ಟೀಮಿಗೆ ರೊಕ್ಕಾ ಕೊಟ್ಟು ಟಿಕೀಟ್ ಯಾರ್ ತಗೋತಾರೋ ತಮ್ಮಾ?"

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಒಂದೇ ತಂಡದ ಬಗ್ಗೆ ಮಾತಾಡುತ್ತಿದ್ದರು. ಹೈದರಾಬಾದಿಗಿರುವುದು ಎರಡು ತಂಡ. ಒಂದು ಹರಾಜಿನಲ್ಲಿ ಹುಟ್ಟಿದ್ದು, ಇನ್ನೊಂದು ಈ ಊರಿನ ಮೈದಾನಗಳಲ್ಲಿ ಹುಟ್ಟಿದ್ದು. ಹುಡುಗ ಹೇಳಿದ ಔಷಧ ಎರಡನೆಯದಕ್ಕೆ ಬೇಕು. ನಾವು ಅದನ್ನು ಮೊದಲನೆಯದಕ್ಕೆ ಕುಡಿಸಲು ಹೊರಟಿದ್ದೇವೆ.

ಸೋತು ಸೋತು ತಂಡ ಕಟ್ಟುವ ವಿಚಾರ ಅಮೆರಿಕದ ಆಟಗಳಿಂದ, ಅದರಲ್ಲೂ ಬೇಸ್‌ಬಾಲ್‌ನಿಂದ ಬಂದದ್ದು. ಅಲ್ಲಿನ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ, ಪ್ರತಿ ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಶಾಲೆ, ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದಿನ ತನಕ ಅಲ್ಲಿದ್ದ ನಿಯಮ ಸರಳ: ಹಿಂದಿನ ವರ್ಷ ಯಾರು ಹೆಚ್ಚು ಸೋತರೋ ಅವರಿಗೆ ಮೊದಲ ಆಯ್ಕೆ. ದುರ್ಬಲರನ್ನು ಮೇಲೆತ್ತಲು ಮಾಡಿದ ಈ ಏರ್ಪಾಟನ್ನು ಬುದ್ಧಿವಂತರು ಬೇರೆ ರೀತಿಯಲ್ಲಿ ಓದಿದರು. ನಡುವಿನ ಸ್ಥಾನದಲ್ಲಿ ಉಳಿಯುವುದಕ್ಕಿಂತ ತಳಕ್ಕಿಳಿಯುವುದೇ ಲಾಭ. ವಯಸ್ಸಾದ ದೊಡ್ಡ ಆಟಗಾರರನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಹೆಸರಿಲ್ಲದ ಹುಡುಗರನ್ನು ತಂದು, ಮೂರ್ನಾಲ್ಕು ವರ್ಷ ಸೋತು, ಆಮೇಲೆ ಒಟ್ಟಿಗೆ ಏಳುವುದು.

ಹ್ಯೂಸ್ಟನ್ ಆಸ್ಟ್ರೋಸ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತ ಆ ತಂಡ 2017ರಲ್ಲಿ ಲೀಗಿನ ಕಿರೀಟವಾದ ವರ್ಲ್ಡ್ ಸೀರೀಸ್ ಗೆದ್ದಿತು. ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಬಹಳ ಚೆನ್ನಾಗಿರುತ್ತದೆ, ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 2012ರಿಂದ ಸತತ ಮೂರು ವರ್ಷ ದೇಶದ ಮೊದಲ ಆಯ್ಕೆ ಅವರದೇ ಆಗಿತ್ತು. ಅದರಲ್ಲಿ ಕೈಹಿಡಿದದ್ದು ಒಬ್ಬನೇ, ಕಾರ್ಲೋಸ್ ಕೊರಿಯಾ. ಎರಡನೇ ವರ್ಷದ ಮಾರ್ಕ್ ಅಪೆಲ್ ಹ್ಯೂಸ್ಟನ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಮೂರನೇ ವರ್ಷದ ಬ್ರೇಡಿ ಐಕನ್ ಜೊತೆ ಒಪ್ಪಂದವೇ ಆಗಲಿಲ್ಲ. ಗೆದ್ದ ವರ್ಷ ಕೊನೆಯ ಗಳಿಗೆಯಲ್ಲಿ ಜಸ್ಟಿನ್ ವರ್ಲ್ಯಾಂಡರ್ ಎಂಬ 34ರ ಹಿರಿಯ ಪಿಚರ್‌ನನ್ನು ಬೇರೆ ತಂಡದಿಂದ ಕರೆತಂದಿದ್ದರು. ಎದುರಾಳಿಯ ಸನ್ನೆಗಳನ್ನು ಕ್ಯಾಮೆರಾ ಇಟ್ಟು ಕದ್ದಿದ್ದು ಬಯಲಾಗಿ 2020ರಲ್ಲಿ ಶಿಕ್ಷೆಯೂ ಆಯಿತು. ಇದೇ ದಾರಿ ಹಿಡಿದ ಷಿಕಾಗೋ ವೈಟ್ ಸಾಕ್ಸ್ 2016ರ ಕೊನೆಯಲ್ಲಿ ದೊಡ್ಡ ಆಟಗಾರರನ್ನು ಬಿಟ್ಟುಕೊಡಲು ಶುರುಮಾಡಿ, ಎರಡು ವರ್ಷ ಪ್ಲೇ ಆಫ್ ಮುಖ ನೋಡಿ, 2024ರಲ್ಲಿ 121 ಪಂದ್ಯ ಸೋತಿತು. ಅಷ್ಟರಲ್ಲಾಗಲೇ ಲೀಗೇ ಎಚ್ಚೆತ್ತು, 2022ರ ಒಪ್ಪಂದದಲ್ಲಿ ಮೊದಲ ಆರು ಆಯ್ಕೆಗಳಿಗೆ ಲಾಟರಿ ತಂದಿತು. ಸೋಲಿಗೆ ಸಿಗುತ್ತಿದ್ದ ಬಹುಮಾನ ಅಲ್ಲೇ ಕಡಿಮೆಯಾಗಿದೆ.

ಈಗ ಐಪಿಎಲ್‌ಗೆ ಬನ್ನಿ. ಇಲ್ಲಿ ಕೊನೆಯ ಸ್ಥಾನಕ್ಕೆ ಬಹುಮಾನ ಇಲ್ಲವೇ ಇಲ್ಲ. ಡ್ರಾಫ್ಟ್ ಇಲ್ಲ, ಸರದಿ ಇಲ್ಲ. ಹತ್ತೂ ತಂಡಗಳಿಗೆ ಹರಾಜಿನಲ್ಲಿ ಒಂದೇ ಮಿತಿ, 2025ಕ್ಕೆ ಅದು 120 ಕೋಟಿ ರೂಪಾಯಿ. ಗೆದ್ದವರಿಗೂ ಅಷ್ಟೇ, ಸೋತವರಿಗೂ ಅಷ್ಟೇ. 2018, 2022, 2025 ಹೀಗೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು, ಉಳಿಸಿಕೊಂಡ ಕೆಲವರನ್ನು ಬಿಟ್ಟು ಉಳಿದವರೆಲ್ಲ ಚದುರಿಹೋಗುತ್ತಾರೆ. ನೀವು ಮೂರು ವರ್ಷ ಸಾಕಿ ಬೆಳೆಸಿದ ಹುಡುಗ ನಾಲ್ಕನೇ ವರ್ಷ ಎದುರಾಳಿ ಜರ್ಸಿಯಲ್ಲಿ ನಿಮ್ಮ ಮೇಲೇ ಸಿಕ್ಸರ್ ಹೊಡೆಯುತ್ತಾನೆ. ಇಂಥ ಏರ್ಪಾಟಿನಲ್ಲಿ ಎರಡು ವರ್ಷ ಸೋಲೋಣ ಎನ್ನುವುದು ಫಸಲು ಬೇರೆಯವರ ಮನೆಗೆ ಹೋಗುವ ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ.

ಸನ್‌ರೈಸರ್ಸ್ ಅದನ್ನು ಒಮ್ಮೆ ಮಾಡಿಯೂ ನೋಡಿದೆ. 2016ರಲ್ಲಿ ಕಪ್ ಗೆಲ್ಲಿಸಿಕೊಟ್ಟ ಡೇವಿಡ್ ವಾರ್ನರ್ ಅವರನ್ನು 2021ರ ನಡುವಿನಲ್ಲಿ ನಾಯಕತ್ವದಿಂದ ಇಳಿಸಿದರು. ಆ ವರ್ಷ 14ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಮುಂದಿನ ಮೆಗಾ ಹರಾಜಿಗೆ ಮೊದಲು ಉಳಿಸಿಕೊಂಡದ್ದು ಕೇನ್ ವಿಲಿಯಮ್ಸನ್ ಅವರನ್ನು 14 ಕೋಟಿಗೆ, ಜಮ್ಮು-ಕಾಶ್ಮೀರದ ಇಬ್ಬರು ಹುಡುಗರಾದ ಅಬ್ದುಲ್ ಸಮದ್ ಮತ್ತು ಉಮ್ರಾನ್ ಮಲಿಕ್ ಅವರನ್ನು ತಲಾ 4 ಕೋಟಿಗೆ. ರಶೀದ್ ಖಾನ್ ಕೈಬಿಟ್ಟುಹೋದರು. ಅವರು ಸೇರಿದ ಗುಜರಾತ್ ಟೈಟನ್ಸ್ ಮೊದಲ ವರ್ಷವೇ ಕಪ್ ಎತ್ತಿತು. ಉಮ್ರಾನ್ ಆ ವರ್ಷ 22 ವಿಕೆಟ್ ಕಿತ್ತು ದೇಶವನ್ನೇ ಬೆರಗುಗೊಳಿಸಿದ್ದು ನಿಜ, ಆದರೆ ತಂಡ ಎಂಟನೇ ಸ್ಥಾನಕ್ಕಿಂತ ಮೇಲೇರಲಿಲ್ಲ. 2023ರಲ್ಲಿ ಹತ್ತಕ್ಕೆ ಹತ್ತನೆಯದು. ಮೂರು ವರ್ಷದಲ್ಲಿ ಟ್ರೆವರ್ ಬೇಲಿಸ್, ಟಾಮ್ ಮೂಡಿ, ಬ್ರಯಾನ್ ಲಾರಾ, ಮೂವರು ಕೋಚ್‌ಗಳು ಬಂದುಹೋದರು. ಸೋಲಿನಿಂದ ಬಂದ ಆಸ್ತಿ ಏನು ಎಂದು ಕೇಳಿದರೆ ತೋರಿಸಲು ಏನೂ ಇರಲಿಲ್ಲ.

ತಂಡ ಮೇಲೆದ್ದದ್ದು ಬೇರೆ ದಾರಿಯಲ್ಲಿ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಮ್ಮಿಂದ ವಿಶ್ವಕಪ್ ಕಸಿದುಕೊಂಡ ಇಬ್ಬರನ್ನು ಸನ್‌ರೈಸರ್ಸ್ ಒಂದೇ ತಿಂಗಳಲ್ಲಿ ಕೊಂಡುಕೊಂಡಿತು. ಪ್ಯಾಟ್ ಕಮಿನ್ಸ್ 20.50 ಕೋಟಿಗೆ, ಟ್ರಾವಿಸ್ ಹೆಡ್ 6.80 ಕೋಟಿಗೆ. ಕಮಿನ್ಸ್ ಬೆಲೆ ಕೇಳಿ ಆಗ ನಕ್ಕವರು ಬಹಳ ಜನ. 2024ರ ಮಾರ್ಚ್ 27ರಂದು ತನ್ನದೇ ಮೈದಾನವಾದ ಉಪ್ಪಲ್‌ನಲ್ಲಿ ಮುಂಬೈ ಮೇಲೆ 277, ಏಪ್ರಿಲ್ 15ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮೇಲೆ 287. ಹಿಂದಿನ ವರ್ಷ ತಳದಲ್ಲಿದ್ದ ತಂಡ ಫೈನಲ್ ತಲುಪಿತು. ಚೆನ್ನೈನ ಫೈನಲ್‌ನಲ್ಲಿ 113ಕ್ಕೆ ಮುಗ್ಗರಿಸಿ ಕೋಲ್ಕತ್ತಕ್ಕೆ ಸೋತಿತು, ಅದು ಬೇರೆ ನೋವು.

ಆದರೂ ಇದು ಬರೀ ಹಣದ ಕಥೆಯಲ್ಲ. ಹೆಡ್ ಜೊತೆ ಇನಿಂಗ್ಸ್ ಶುರುಮಾಡಿ ಆ ವರ್ಷ 484 ರನ್ ಚಚ್ಚಿದ ಅಭಿಷೇಕ್ ಶರ್ಮ ಎಲ್ಲಿಂದ ಬಂದವರು? 2019ರ ಋತುವಿಗೆ ಮೊದಲು ಶಿಖರ್ ಧವನ್ ಅವರನ್ನು ದೆಹಲಿಗೆ ಕೊಟ್ಟು ಬದಲಿಗೆ ವಿಜಯ್ ಶಂಕರ್, ಶಹಬಾಜ್ ನದೀಮ್, ಅಭಿಷೇಕ್ ಮೂವರನ್ನು ಹೈದರಾಬಾದ್ ತೆಗೆದುಕೊಂಡಿತ್ತು. ಹೆಸರಾಂತ ಒಬ್ಬನನ್ನು ಕೊಟ್ಟು ಮೂವರನ್ನು ತರುವುದು ಬೇಸ್‌ಬಾಲ್‌ನವರಿಗೆ ದಿನನಿತ್ಯದ ವ್ಯವಹಾರ. ಆ ಮೂವರಲ್ಲಿ ಯಾರೂ ಗಮನಿಸದ ಹುಡುಗನಿಗೆ ತಂಡ ಐದು ಋತು ಕಾದಿತು, 2022ರ ಹರಾಜಿನಲ್ಲಿ ಕೈತಪ್ಪಿದಾಗ 6.50 ಕೋಟಿ ಕೊಟ್ಟು ಮರಳಿ ತಂದಿತು. 20 ಲಕ್ಷಕ್ಕೆ ಬಂದ ವಿಶಾಖಪಟ್ಟಣದ ನಿತೀಶ್ ಕುಮಾರ್ ರೆಡ್ಡಿಯದೂ ಇಂಥದೇ ಕಥೆ. ಅಂದರೆ ಒಬ್ಬಿಬ್ಬರಿಗಾಗಿ ಕಾಯಬಹುದು. ಇಡೀ ತಂಡವನ್ನೇ ಕಾಯಲು ಕೂರಿಸಬಾರದು.

ಕನ್ನಡಿಗರಿಗೆ ಇದರ ಇನ್ನೊಂದು ಮುಖ ಹೆಚ್ಚು ಹತ್ತಿರದ್ದು. ಕೋಠಿಯಿಂದ ಕಾಚಿಗುಡ ನಡೆದುಹೋಗುವಷ್ಟು ದೂರ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಅಲ್ಲಿರುವುದರಿಂದ ತಲೆಮಾರುಗಳಿಂದ ಕನ್ನಡದ ಮನೆಗಳು ಈ ಭಾಗದಲ್ಲಿವೆ. ಐಪಿಎಲ್ ಬಂದಾಗಿನಿಂದ ಆ ಮನೆಗಳೊಳಗೇ ಎರಡು ಪಕ್ಷ. ಮಕ್ಕಳು ಈ ಊರಿನ ತಂಡದ ಕಡೆ, ದೊಡ್ಡವರು ಆರ್‌ಸಿಬಿ ಕಡೆ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್, 2016ರ ಫೈನಲ್‌ನಲ್ಲಿ ಸನ್‌ರೈಸರ್ಸ್, ಎರಡು ಸಲವೂ ಹೈದರಾಬಾದೇ ಬೆಂಗಳೂರಿನ ಕೈಯಿಂದ ಕಪ್ ಕಿತ್ತುಕೊಂಡಿತು. ಮೊದಲ ಸಲ ಅಂತರ 6 ರನ್, ಎರಡನೇ ಸಲ 8.

ಅದೇ ಆರ್‌ಸಿಬಿ 2025ರ ಜೂನ್ 3ರಂದು ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಸಾವುಗಳನ್ನು ನೆನೆಯದೆ ಈ ಗೆಲುವಿನ ಬಗ್ಗೆ ಬರೆಯುವುದು ನನ್ನಿಂದಾಗದು. ತಂಡ ಕಟ್ಟಿದ ಬಗೆಯನ್ನಂತೂ ಗಮನಿಸಬೇಕು. ಹರಾಜಿಗೆ ಮೊದಲು ಅವರು ಉಳಿಸಿಕೊಂಡದ್ದು ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನೇ. ಕೈಯಲ್ಲಿ 83 ಕೋಟಿ ಉಳಿದಿತ್ತು. ಅದೇ ಹೊತ್ತಿಗೆ ಸನ್‌ರೈಸರ್ಸ್ ಕ್ಲಾಸೆನ್, ಕಮಿನ್ಸ್, ಹೆಡ್, ಅಭಿಷೇಕ್, ನಿತೀಶ್ ಐವರಿಗೇ 75 ಕೋಟಿ ಇಟ್ಟು 45 ಕೋಟಿಯೊಂದಿಗೆ ಹರಾಜಿಗೆ ಕೂತಿತು. ಬೆಂಗಳೂರಿನವರು ಉಳಿದ ಹಣದಲ್ಲಿ ಹುಡುಗರ ಹಿಂದೆ ಓಡಲಿಲ್ಲ. ಹೇಜಲ್‌ವುಡ್, ಕೃಣಾಲ್ ಪಾಂಡ್ಯ, ಇಬ್ಬರಿಗೂ ಆಗಲೇ 33 ದಾಟಿತ್ತು. ಭುವನೇಶ್ವರ್ ಕುಮಾರ್‌ಗೆ ಇನ್ನೂ ಒಂದು ವರ್ಷ ಹೆಚ್ಚು. ಭುವನೇಶ್ವರ್ ಹತ್ತು ವರ್ಷಕ್ಕೂ ಮೇಲ್ಪಟ್ಟು ಹೈದರಾಬಾದಿನವರಾಗಿದ್ದವರು. 2016 ಮತ್ತು 2017ರಲ್ಲಿ ಸತತವಾಗಿ, ಹೆಚ್ಚು ವಿಕೆಟ್ ಕಿತ್ತವರಿಗೆ ಸಿಗುವ ಪರ್ಪಲ್ ಕ್ಯಾಪ್ ತೊಟ್ಟವರು. ಇಲ್ಲಿ ಕೈಬಿಟ್ಟರು, ಅಲ್ಲಿ 10.75 ಕೋಟಿಗೆ ಕೊಂಡರು. ಫೈನಲ್‌ನ 17ನೇ ಓವರಿನಲ್ಲಿ ವಧೇರಾ, ಸ್ಟೊಯಿನಿಸ್ ಇಬ್ಬರನ್ನೂ ಔಟ್ ಮಾಡಿ ಪಂಜಾಬಿನ ಉಸಿರು ನಿಲ್ಲಿಸಿದವರು ಅವರೇ.

ಸನ್‌ರೈಸರ್ಸ್‌ಗೆ ಅದೇ ವರ್ಷ ಬ್ಯಾಟಿಂಗ್‌ನಲ್ಲಿ ಕೊರತೆ ಇರಲಿಲ್ಲ. ಏಪ್ರಿಲ್ 12ರ ಒಂದೇ ಪಂದ್ಯ ನೋಡಿದರೆ ತಂಡದ ರೋಗವೂ ಆರೋಗ್ಯವೂ ಕಾಣುತ್ತದೆ. ಪಂಜಾಬ್ ವಿರುದ್ಧ ಉಪ್ಪಲ್‌ನಲ್ಲಿ 10 ಕೋಟಿಯ ಶಮಿ ನಾಲ್ಕು ಓವರಿನಲ್ಲಿ 75 ರನ್ ಕೊಟ್ಟರು, ಎದುರಾಳಿ 245 ಹೊಡೆಯಿತು. ಅಭಿಷೇಕ್ 55 ಎಸೆತದಲ್ಲಿ 141 ಬಾರಿಸಿ ಆ ಗುರಿಯನ್ನೂ ದಾಟಿಸಿದರು. ಹೀಗೆ ದಿನವೂ ಆಗುವುದಿಲ್ಲ, ತಂಡ ಆರನೇ ಸ್ಥಾನಕ್ಕೆ ನಿಂತಿತು. ರಶೀದ್ ಹೋದ ಮೇಲೆ ನಡು ಓವರುಗಳನ್ನು ಹಿಡಿದು ನಿಲ್ಲಿಸುವ ಸ್ಪಿನ್ನರ್ ಇಲ್ಲಿ ಬೇರೂರಲೇ ಇಲ್ಲ. ಇದು ಬೌಲಿಂಗ್ ಸರಿಮಾಡಬೇಕಾದ ತಂಡ. ಒಡೆದುಹಾಕಬೇಕಾದ ತಂಡವಲ್ಲ.

ಇನ್ನು ಎರಡನೇ ತಂಡ, ರಣಜಿ ಆಡುವ ಹೈದರಾಬಾದ್. ನನ್ನ ಮನಸ್ಸು ನಿಜವಾಗಿ ನೋಯುವುದು ಇದಕ್ಕೆ.

ಕೋಠಿಯಿಂದ ಅಬಿಡ್ಸ್ ಕಡೆ ಹೊರಟರೆ ಗನ್‌ಫೌಂಡ್ರಿಯಲ್ಲಿ ಆಲ್ ಸೇಂಟ್ಸ್ ಶಾಲೆ ಸಿಗುತ್ತದೆ. ಆಬಿದ್ ಅಲಿ, ಅಜರುದ್ದೀನ್, ವೆಂಕಟಪತಿ ರಾಜು ಓದಿದ ಶಾಲೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಫತೇ ಮೈದಾನ. ಜಯಸಿಂಹ, ಪಟೌಡಿ, ಅಬ್ಬಾಸ್ ಅಲಿ ಬೇಗ್ ಒಂದೇ ತಂಡದಲ್ಲಿ ಆಡುತ್ತಿದ್ದ ಕಾಲವಿತ್ತು. ಬೀದರ್, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಹಾಗಾಗಿ ಆ ಭಾಗದ ಹಿರಿಯರಿಗೆ ಈ ತಂಡದ ಮೇಲೆ ಹಳೆಯ ಮಮತೆ. ಇಷ್ಟೆಲ್ಲ ಇದ್ದೂ ಹೈದರಾಬಾದ್ ರಣಜಿ ಗೆದ್ದದ್ದು ಎರಡೇ ಸಲ, 1937–38ರಲ್ಲಿ ಮತ್ತು ಎಂ.ವಿ. ನರಸಿಂಹರಾವ್ ನಾಯಕತ್ವದ 1986–87ರಲ್ಲಿ. ಜಯಸಿಂಹರ ಆ ತಾರಾಬಳಗ ಒಮ್ಮೆಯೂ ಗೆಲ್ಲಲಿಲ್ಲ. 1999–2000ರಲ್ಲಿ ಲಕ್ಷ್ಮಣ್ ಬೆಂಗಳೂರಿಗೆ ಬಂದು ಸೆಮಿಫೈನಲ್‌ನಲ್ಲಿ ಕರ್ನಾಟಕದ ಮೇಲೆ 353 ಹೊಡೆದರು, ಆ ಋತುವಿನಲ್ಲಿ 1415 ರನ್ ಗಳಿಸಿದರು. ಫೈನಲ್ ಮುಂಬೈ ಪಾಲಾಯಿತು.

ಆಮೇಲಿನದು ಇಳಿಜಾರು. 2010ರ ನವೆಂಬರ್‌ನಲ್ಲಿ ಜೈಪುರದಲ್ಲಿ ರಾಜಸ್ಥಾನದ ವಿರುದ್ಧ ಹೈದರಾಬಾದ್ ಇಡೀ ತಂಡ 21 ರನ್‌ಗೆ ಔಟಾಯಿತು. ಮೊದಲ ಪಂದ್ಯ ಆಡುತ್ತಿದ್ದ 18ರ ಹುಡುಗ ದೀಪಕ್ ಚಾಹರ್ 10 ರನ್ ಕೊಟ್ಟು 8 ವಿಕೆಟ್ ಕಿತ್ತಿದ್ದರು. ಎರಡೂ ತಂಡ ಆಗ ಕೆಳಗಿನ ಪ್ಲೇಟ್ ಗುಂಪಿನಲ್ಲಿದ್ದವು ಎಂಬುದನ್ನು ಮರೆಯಬಾರದು. ಅದೇ ರಾಜಸ್ಥಾನ ಅದೇ ಋತುವಿನಲ್ಲಿ ರಣಜಿ ಗೆದ್ದಿತು, ಮರುವರ್ಷವೂ ಗೆದ್ದಿತು. ಹೇಗೆ? ಹೃಷಿಕೇಶ್ ಕಾನಿಟ್ಕರ್, ಆಕಾಶ್ ಚೋಪ್ರಾ, ರಶ್ಮಿ ರಂಜನ್ ಪರಿದಾ ಎಂಬ ಹೊರರಾಜ್ಯಗಳ ಮೂವರು ಅನುಭವಿಗಳನ್ನು ಕರೆತಂದು, ಕಾನಿಟ್ಕರ್‌ಗೆ ನಾಯಕತ್ವ ಕೊಟ್ಟು, ಅವರ ಸುತ್ತ ಚಾಹರ್‌ನಂಥ ಊರಿನ ಹುಡುಗರನ್ನು ನಿಲ್ಲಿಸಿದರು. ಗೆಲ್ಲಲು ಆಡುತ್ತಲೇ ಹುಡುಗರು ಬೆಳೆದರು. ಆ ಎರಡು ವರ್ಷದ ನಂತರ ರಾಜಸ್ಥಾನ ಅಂಥ ಎತ್ತರ ಕಾಣಲಿಲ್ಲ ಎನ್ನುವುದೂ ನಿಜವೇ. ಬಾಡಿಗೆಗೆ ತಂದ ಅನುಭವ ಎಷ್ಟು ದಿನ ಬರುತ್ತದೆ?

ಉಳಿದ ಅರ್ಧವನ್ನು ಕರ್ನಾಟಕ ತೋರಿಸಿತು. 1998–99ರ ನಂತರ ಹದಿನೈದು ವರ್ಷ ರಣಜಿ ಬರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ವಿರುದ್ಧ ಫೈನಲ್, ಮನೀಶ್ ಪಾಂಡೆ 144 ಹೊಡೆದರೂ 6 ರನ್‌ಗಳಿಂದ ಸೋಲು. ಮರ ಹತ್ತಿ ನೋಡಿದ ಜನ ಆ ಸೋಲನ್ನು ಈಗಲೂ ಹೇಳುತ್ತಾರೆ. ಅಂಥ ಏಟು ತಿಂದ ತಂಡವನ್ನು ಕರ್ನಾಟಕ ಒಡೆಯಲಿಲ್ಲ. ವಿನಯ್ ಕುಮಾರ್, ಮಿಥುನ್, ಪಾಂಡೆ ಉಳಿದರು. ಕೆಳಗಿನ ವಯೋಮಿತಿ ತಂಡಗಳಿಂದ ಕೆ.ಎಲ್. ರಾಹುಲ್, ಕರುಣ್ ನಾಯರ್, ಶ್ರೇಯಸ್ ಗೋಪಾಲ್ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ನಾಲ್ಕು ವರ್ಷ ಬಿಟ್ಟು ಮತ್ತೆ ಫೈನಲ್, ಅದೂ ನಮ್ಮ ಉಪ್ಪಲ್‌ನಲ್ಲಿ. ಮಹಾರಾಷ್ಟ್ರ ಮೊದಲ ಇನಿಂಗ್ಸ್‌ನಲ್ಲಿ 305, ಕರ್ನಾಟಕ 515. ರಾಹುಲ್ 131, ಗಣೇಶ್ ಸತೀಶ್ 117. 2014ರ ಫೆಬ್ರುವರಿ 2ರಂದು ಏಳು ವಿಕೆಟ್ ಗೆಲುವು. ಮುಂದಿನ ವರ್ಷ ವಾಂಖೆಡೆಯಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ 328 ಹೊಡೆದು ಮತ್ತೊಂದು ಕಪ್. ಒಂದು ವರ್ಷವೂ ಸೋಲುವ ಯೋಜನೆ ಹಾಕದೆ ತಂಡ ಹೊಸದಾಯಿತು.

ಹೈದರಾಬಾದಿಗೆ ಹುಡುಗರ ಬರವಿಲ್ಲ. ಆಟೋ ಓಡಿಸುತ್ತಿದ್ದವರ ಮಗ ಸಿರಾಜ್, ಎಲೆಕ್ಟ್ರಿಷಿಯನ್ ಮಗ ತಿಲಕ್ ವರ್ಮ ಇದೇ ಊರಿನ ಗಲ್ಲಿಗಳಿಂದ ಭಾರತ ತಂಡಕ್ಕೆ ಹೋದವರು. ಸಿರಾಜ್‌ಗೆ ಒಂದು ವರ್ಷ ಸನ್‌ರೈಸರ್ಸ್ ಜರ್ಸಿ ಸಿಕ್ಕಿತ್ತು, ನಂತರ ಏಳು ವರ್ಷ ಆರ್‌ಸಿಬಿ. ತಿಲಕ್ ಮುಂಬೈನವರಾದರು. ಸ್ಥಳೀಯರಿಲ್ಲದ ತಂಡ ಎಂದು 2021ರಲ್ಲಿ ಶಾಸಕರೊಬ್ಬರು ಸನ್‌ರೈಸರ್ಸ್ ವಿರುದ್ಧ ಗುಡುಗಿದ್ದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ತಪ್ಪು ಬಾಗಿಲು ಬಡಿದರು. ಹುಡುಗರನ್ನು ಬೆಳೆಸಬೇಕಾದದ್ದು ಹೈದರಾಬಾದ್ ಕ್ರಿಕೆಟ್ ಸಂಸ್ಥೆ. ಅದರ ಜಗಳ ಬಿಡಿಸಲು ಸುಪ್ರೀಂ ಕೋರ್ಟ್ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರನ್ನು ಕೂರಿಸಬೇಕಾಯಿತು. 2025ರ ಜುಲೈನಲ್ಲಿ ಸಂಸ್ಥೆಯ ಅಧ್ಯಕ್ಷರನ್ನೇ ಸಿಐಡಿ ಬಂಧಿಸಿತು. ಇಂಥ ಮನೆಯಲ್ಲಿ ಹದಿನಾರರ ಹುಡುಗನ ಆಯ್ಕೆ ಯಾವ ಆಧಾರದ ಮೇಲೆ ನಡೆಯುತ್ತದೆ ಎಂದು ತಂದೆತಾಯಿಗೆ ಅನುಮಾನ ಬಂದರೆ ಅವರ ತಪ್ಪೇನು?

2022–23ರಲ್ಲಿ ಹೈದರಾಬಾದ್ ಒಂದೂ ಪಂದ್ಯ ಗೆಲ್ಲದೆ ಪ್ಲೇಟ್ ಗುಂಪಿಗೆ ಇಳಿಯಿತು. ಮುಂದಿನ ವರ್ಷ 2024ರ ಜನವರಿ 26ರಂದು ತನ್ಮಯ್ ಅಗರ್‌ವಾಲ್ ಅರುಣಾಚಲದ ಮೇಲೆ 147 ಎಸೆತದಲ್ಲಿ ತ್ರಿಶತಕ ಬಾರಿಸಿ, ಕೊನೆಗೆ 26 ಸಿಕ್ಸರ್‌ಗಳೊಂದಿಗೆ 366ಕ್ಕೆ ಔಟಾದರು. ಮೇಘಾಲಯವನ್ನು ಸೋಲಿಸಿ ತಂಡ ಮೇಲಿನ ಎಲೀಟ್ ಗುಂಪಿಗೆ ಮರಳಿತು. ಊರಿನಲ್ಲಿ ಪುನರುತ್ಥಾನ ಎಂಬ ಮಾತು ಕೇಳಿಬಂತು. ತನ್ಮಯ್ ಆಟಕ್ಕೆ ಕೈಮುಗಿಯುತ್ತೇನೆ. ಆದರೆ ಈಶಾನ್ಯದ ಹೊಸ ತಂಡಗಳನ್ನು ಗೆದ್ದು ಹತ್ತಿಬಂದ ಮೆಟ್ಟಿಲನ್ನು ಕಟ್ಟಡ ಎಂದು ತಿಳಿಯಬಾರದು.

ಇಲ್ಲಿ ಬೇಕಾದದ್ದು ನಿಜವಾದ ಐದು ವರ್ಷದ ಕೆಲಸ. ಕ್ಲಬ್ ಲೀಗ್ ಪಂದ್ಯಗಳು ಹೇಳಿದ ದಿನಕ್ಕೆ ಪೂರಾ ನಡೆಯಬೇಕು. 14, 16, 19ರ ತಂಡಗಳ ಆಯ್ಕೆಯಲ್ಲಿ ಲೀಗ್‌ನ ರನ್, ವಿಕೆಟ್‌ಗಳನ್ನು ಬಹಿರಂಗವಾಗಿ ಮುಂದಿಡಬೇಕು. ವರಂಗಲ್, ನಿಜಾಮಾಬಾದ್, ಮಹಬೂಬ್‌ನಗರದ ಹುಡುಗ ರೈಲು ಹತ್ತಿ ರಾಜಧಾನಿಗೆ ಬಂದು ಕೋಣೆ ಮಾಡಿಕೊಂಡರಷ್ಟೇ ಕ್ರಿಕೆಟಿಗನಾಗುವ ಸ್ಥಿತಿ ತಪ್ಪಬೇಕು. ಜೊತೆಗೆ ರಾಜಸ್ಥಾನದ ಹಾಗೆ ಇಬ್ಬರು ಮೂವರು ಹೊರಗಿನ ಹಿರಿಯರು, ಪಂದ್ಯ ಗೆಲ್ಲಲಿಕ್ಕಷ್ಟೇ ಅಲ್ಲ, ನಾಲ್ಕು ದಿನದ ಆಟವನ್ನು ಹೇಗೆ ಆಡುವುದೆಂದು ಡ್ರೆಸಿಂಗ್ ರೂಮಿನಲ್ಲಿ ಕಲಿಸಲಿಕ್ಕೆ. ಆ ಐದು ವರ್ಷ ತಂಡ ಎಲೀಟ್‌ನಲ್ಲಿ ನಡುವಿನ ಸ್ಥಾನಕ್ಕೆ ನಿಂತರೂ ಊರು ಸಹಿಸಿಕೊಳ್ಳಬೇಕು. ಕೋಠಿಯ ಆ ಹುಡುಗ ಸನ್‌ರೈಸರ್ಸ್‌ಗೆ ಕೊಡಲು ಹೊರಟಿದ್ದ ತಾಳ್ಮೆಯನ್ನು ಕೊಡಬೇಕಾದ ಜಾಗ ಇದು.

ಸನ್‌ರೈಸರ್ಸ್ ಆಡಳಿತದ ಮುಂದೆ ಇರುವುದು ಚಿಕ್ಕ, ಸ್ಪಷ್ಟ ಲೆಕ್ಕ. ಈಗಿನ ಆಟಗಾರರ ನಿಯಮ 2027ರ ತನಕ ಇದೆ. ಹೆಡ್, ಕ್ಲಾಸೆನ್ ಇಬ್ಬರೂ ಮೂವತ್ತು ದಾಟಿದವರು, ಅವರ ಒಳ್ಳೆಯ ವರ್ಷಗಳು ಇವೇ. ಶಮಿಯನ್ನು ಲಖನೌಗೆ ಕೊಟ್ಟಾಗಿದೆ, ಇನ್ನು ಸಿಗುವ ಹಣ ಬೌಲಿಂಗ್‌ಗೇ ಹೋಗಬೇಕು, ಅದರಲ್ಲೂ ಪಂದ್ಯಕ್ಕೆ ನಾಲ್ಕು ಓವರು ನೆಚ್ಚಿ ಕೊಡಬಹುದಾದ ಸ್ಪಿನ್ನರ್‌ಗೆ. ಮುಂದಿನ ಮೆಗಾ ಹರಾಜು ಬಂದಾಗ ಅಭಿಷೇಕ್, ನಿತೀಶ್ ಇಬ್ಬರನ್ನು ಹೇಗಾದರೂ ಉಳಿಸಿಕೊಳ್ಳಲಿ. ಅದಕ್ಕೆ ಮೊದಲು ಸಿಗುವ ಪ್ರತಿ ಋತುವನ್ನೂ ಕಪ್ಪಿಗಾಗಿಯೇ ಆಡಲಿ.